ಗೊಂಬೆಯ ಬಾಯಿಗೆ ಪೀಪಿ

ಧ್ವನಿಗೋಡೆಯ ಕೊನೆಯ ಚೌಕಟ್ಟು ಖಾಲಿ ಉಳಿದಿತ್ತು. ಅದನ್ನು ಖಾಲಿಯೇ ಬಿಟ್ಟಿದ್ದರೆ ಒಬ್ಬ ಹೆಣ್ಣುಮಗಳ ಕೆಲಸ ಹೋಗುತ್ತಿರಲಿಲ್ಲ. ಹಾಗೆ ನೋಡಿದರೆ ಆ ಕೆಲಸದ ಆಸೆಯೇ ಆಕೆಗೆ ಹುಟ್ಟುತ್ತಿರಲಿಲ್ಲ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ವಿಜಯಪುರದ ಹೊರವಲಯದಲ್ಲಿ, ಒಣದ್ರಾಕ್ಷಿ ಇಡುತ್ತಿದ್ದ ಹಳೆಯ ಕೋಲ್ಡ್ ಸ್ಟೋರೇಜ್ ಒಂದನ್ನು ತೆರವು ಮಾಡಿ ಖಾಸಗಿ ಟ್ರಸ್ಟೊಂದು ಗೊಂಬೆಗಳ ಪ್ರದರ್ಶನಾಲಯ ಕಟ್ಟುತ್ತಿತ್ತು. ಟ್ರಸ್ಟಿನ ಅಧ್ಯಕ್ಷರು ದ್ರಾಕ್ಷಿ ವ್ಯಾಪಾರದಲ್ಲಿ ಬೆಳೆದವರು. ಹೊರದೇಶಕ್ಕೆ ಹೋದಾಗಲೆಲ್ಲ ಗೊಂಬೆ ಕೊಂಡು ತಂದು ಮನೆ ತುಂಬಿಸಿಕೊಂಡಿದ್ದರು. ಜಾವಾದ ತೊಗಲುಗೊಂಬೆ, ವಿಯೆಟ್ನಾಮಿನಲ್ಲಿ ನೀರಿನ ಮೇಲೆ ಆಡಿಸುವ ಮರದ ಗೊಂಬೆ, ರಾಜಸ್ಥಾನದ ದಾರದ ಗೊಂಬೆ, ಯುರೋಪಿನ ಕೈಗೊಂಬೆ, ಟಿವಿಯಲ್ಲಿ ಮಕ್ಕಳಿಗೆ ಅಂಕಿ ಕಲಿಸುವ ಬಟ್ಟೆಗೊಂಬೆ ಎಲ್ಲ ಇದ್ದವು. ಗೊಂಬೆಗಳ ಕೆಳಗಿನ ಫಲಕಗಳನ್ನು ಬರೆಯುವುದು, ಅದಕ್ಕೆ ಬೇಕಾದ ಓಡಾಟ ಮಾಡುವುದು ನನ್ನ ಕೆಲಸ. ಗುತ್ತಿಗೆಯ ಮೇಲೆ ಸೇರಿದ್ದೆ.

ಧ್ವನಿಗೋಡೆ ನನ್ನದೇ ಕಲ್ಪನೆ. ಜಗತ್ತಿನ ಹಲವು ಕಡೆ ಗೊಂಬೆ ಆಡಿಸುವವನು ತನ್ನ ಗಂಟಲಿನಿಂದ ಮಾತಾಡುವುದಿಲ್ಲ. ಬಾಯೊಳಗೆ, ನಾಲಗೆಗೂ ಅಂಗುಳಕ್ಕೂ ನಡುವೆ, ಒಂದು ಪುಟ್ಟ ಪೀಪಿ ಇಟ್ಟುಕೊಂಡು ಅದರ ಮೂಲಕ ಮಾತಾಡುತ್ತಾನೆ. ರಾಜಸ್ಥಾನದವರದು ಬಿದಿರಿನದು, ಇಂಗ್ಲೆಂಡಿನ ಸಮುದ್ರತೀರದ ಕೈಗೊಂಬೆಯವನದು ಲೋಹದ್ದು. ಇಟಲಿ, ಇರಾನ್, ಈಜಿಪ್ಟುಗಳಲ್ಲೂ ಇದೆ. ಧ್ವನಿ ಹಕ್ಕಿಯದೋ ಮನುಷ್ಯನದೋ ತಿಳಿಯದಂತಿರುತ್ತದೆ. ಮಾತು ಅರ್ಥವಾಗದ ಕಾರಣ ಪಕ್ಕದಲ್ಲಿ ವಾದ್ಯ ನುಡಿಸುವವನು ಗೊಂಬೆಯ ಪ್ರತಿ ಮಾತನ್ನೂ ಪ್ರಶ್ನೆಯಾಗಿ ತಿರುಗಿ ಹೇಳಿ ಜನರಿಗೆ ಮುಟ್ಟಿಸುತ್ತಾನೆ. ಗೋಡೆಯ ಮೇಲೆ ಒಂದೊಂದು ದೇಶಕ್ಕೆ ಒಂದು ಚೌಕಟ್ಟು, ಕೆಳಗೊಂದು ಗುಂಡಿ. ಒತ್ತಿದರೆ ಆ ದೇಶದ ಪೀಪಿಯ ಧ್ವನಿ ಕೇಳಬೇಕು.

ಅಧ್ಯಕ್ಷರು ಬಂದು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದರು. ಕೊನೆಯ ಚೌಕಟ್ಟಿನ ಮುಂದೆ ನಿಂತರು.

"ಎಲ್ಲಾ ಹೊರಗಿಂದಾ ಆತಲ್ರಿ. ನಮ್ಮ ಕಡೇದು ಏನೂ ಇಲ್ಲೇನು?"

"ನಮ್ಮ ತೊಗಲುಗೊಂಬಿಯವರು ಗಂಟಲಿಂದನ ಮಾತಾಡ್ತಾರ್ರಿ. ಪೀಪಿ ಇಲ್ಲ ಅಂತನ ಓದಿದವರು ಬರೀತಾರ," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಆದ್ರ ನಾ ಸಣ್ಣಾಂವಿದ್ದಾಗ ಬಿಜ್ಜರಗ್ಯಾಗ ಒಂದು ಆಟ ನೋಡಿದ ನೆನಪೈತಿ. ಅದರಾಗ ಪೀಪಿ ಇತ್ತು."

ಬಿಜ್ಜರಗಿ ನನ್ನ ತಾಯಿಯ ತವರು. ಆ ನೆನಪು ನನ್ನಲ್ಲಿ ಬಹಳ ಸ್ಪಷ್ಟವಾಗಿತ್ತು. ಗೋಣಿಚೀಲದ ಮೇಲೆ ಕೂತಿದ್ದೇವೆ. ಬಿಳಿ ಧೋತರದ ಪರದೆಯ ಹಿಂದೆ ಬೆಳಕು. ಡೊಳ್ಳುಹೊಟ್ಟೆಯ ನಗೆಗೊಂಬೆಯೊಂದು ಕುಣಿಯುತ್ತಾ ಬಂದು ಬಾಯಿ ತೆರೆದರೆ ಕೀಚು ಕೀಚು ಎನ್ನುವ ಸದ್ದು; ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಮನೋವಿಜ್ಞಾನ. ನೋಡದ್ದನ್ನು ನೋಡಿದೆವೆಂದು ಜನ ಎಷ್ಟು ಸಲೀಸಾಗಿ ನಂಬುತ್ತಾರೆ ಎಂಬುದೇ ನನ್ನ ಪ್ರಬಂಧದ ವಿಷಯ. ಸ್ಪಷ್ಟವಾಗಿರುವ ನೆನಪು ನಿಜವೇ ಆಗಬೇಕಿಲ್ಲ ಎಂದು ಬೇರೆಯವರಿಗೆ ಪಾಠ ಮಾಡಿದ್ದೇನೆ. ನನ್ನ ನೆನಪಿಗೆ ಆ ಪಾಠ ಅನ್ವಯಿಸುತ್ತದೆ ಎಂದು ಆ ಕ್ಷಣ ಹೊಳೆಯಲಿಲ್ಲ.

"ನೀವಾ ನೋಡೀರಿ ಅಂದ ಮ್ಯಾಲ ಇನ್ನೇನ್ ಬೇಕ್ರಿ?" ಅಧ್ಯಕ್ಷರು ಖುಷಿಯಾದರು. "ಹುಡುಕಿ ತರ್ರಿ ಅವರನ್ನ. ದಿನಾ ಒಂದು ಆಟ ಆಡಸಾಕ ಹೆಂಗೂ ಒಂದು ತಂಡ ಬೇಕಲ್ಲ. ಬ್ಯಾರೆ ಜಿಲ್ಲಾದವರನ್ನ ಕೇಳಿಟ್ಟೀವಿ. ಪೀಪಿ ಇದ್ದವರು ನಮ್ಮಲ್ಲೇ ಸಿಕ್ರ ಅವರಿಗೇ ಆತು. ತಿಂಗಳ ಸಂಬಳ ಹಾಕ್ತೀವಿ."

ವಿಚಾರಿಸಿದಾಗ ಬಬಲೇಶ್ವರದಲ್ಲಿ ಒಂದು ಮನೆತನ ಇನ್ನೂ ಗೊಂಬೆ ಆಡಿಸುತ್ತದೆ ಎಂದು ತಿಳಿಯಿತು. ಬಸ್ಸಿಳಿದು ಸಂತೆ ಬಯಲು ದಾಟಿ ಹೋದೆ. ತಗಡಿನ ಪತ್ರಾಸ್ ಹೊದಿಸಿದ ಮನೆ. ಕಟ್ಟೆಯ ಮೇಲೆ ಮುದುಕ ಕೂತಿದ್ದ. ಗಂಟಲು ಒಡೆದು ಹೋಗಿ ಉಸಿರಿನಲ್ಲೇ ಮಾತಾಡುತ್ತಿದ್ದರೂ ಗತ್ತು ಇಳಿದಿರಲಿಲ್ಲ. ಈಗ ಆಟ ಆಡಿಸುವವಳು ಅವನ ಸೊಸೆ. ನಲವತ್ತರ ಆಸುಪಾಸಿನ, ಗಟ್ಟಿ ಬಾಯಿಯ ಹೆಣ್ಣುಮಗಳು. ಗಂಡ ಟಂಟಂ ಆಟೊ ಓಡಿಸುತ್ತಿದ್ದ, ಆಟವಿದ್ದ ದಿನ ಡೋಲಕ್ ಹಿಡಿಯುತ್ತಿದ್ದ. ಆಟಗಳೇ ಅಪರೂಪವಾದ್ದರಿಂದ ಈಕೆ ವರ್ಷದ ಬಹುಪಾಲು ತಿಕೋಟಾ ಕಡೆಯ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಆರಿಸಲು ಹೋಗುತ್ತಿದ್ದಳು.

"ಯಾ ಆಟ ಬೇಕ್ರಿ ಸಾಹೇಬ್ರ?" ಮುದುಕ ಕೇಳಿದ. "ದೇವರ ಕಥಿ ಐತಿ, ರಾಜರ ಕಥಿ ಐತಿ. ಸರ್ಕಾರದ ಪ್ರಚಾರದ್ದು ಬೇಕಂದ್ರ ಮತದಾನ ಐತಿ, ಡೆಂಗಿ ಐತಿ, ಸಂಡಾಸ ಐತಿ..."

"ಸಂಡಾಸ ಬ್ಯಾಡ ಬಿಡ್ರಿ ಮಾವಾರ, ಚಾ ಕುಡ್ಯಾಕತ್ತಾರ ಅವ್ರು," ಸೊಸೆ ಒಳಗಿನಿಂದ ಕೂಗಿದಳು.

ಮೊದಲ ದಿನ ಯಾವ ಯಂತ್ರವನ್ನೂ ಹೊರಗೆ ತೆಗೆಯಬಾರದು ಎಂಬುದು ನನ್ನ ಪದ್ಧತಿ. ಮೊಬೈಲ್ ಮುಂದಿಟ್ಟ ಕೂಡಲೇ ಜನ ಸಭೆಯಲ್ಲಿ ಮಾತಾಡುವಂತೆ ಮಾತಾಡುತ್ತಾರೆ. ಸುಮ್ಮನೆ ಕೂತು, ಚಹಾ ಕುಡಿದು, ಅವರ ಮಾತಿನ ಹದ ನೋಡಿಕೊಂಡು ಬರುವುದು. ಧ್ವನಿಮುದ್ರಣ ಎರಡನೆಯ ಭೇಟಿಗೆ. ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಹೀಗಾಗಿ ಆ ದಿನದ ಮಾತುಕತೆಗೆ ಈಗ ಯಾವ ಸಾಕ್ಷಿಯೂ ಇಲ್ಲ. ಮೂವರ ನೆನಪುಗಳು ಮಾತ್ರ ಇವೆ.

ನನ್ನ ನೆನಪಿನ ಪ್ರಕಾರ ನಾನು ಕೇಳಿದ್ದು ಇಷ್ಟು: "ಗೊಂಬಿಗೋಳ ಧ್ವನಿ ಹೆಂಗ ಬದಲಾಯಿಸ್ತಿದ್ರಿ?"

ಮುದುಕ ಹೇಳಿದ್ದು ಇಷ್ಟು: "ಬಾಯಾಗ ಪೀಪಿ ಇಟಗೊಂಡು. ನಮ್ಮಪ್ಪನ ಕಾಲಕ್ಕ ಇತ್ರಿ ಅದು. ಅಪ್ಪನ ಸಂಗಾಟನ ಮಣ್ಣಾಗ ಹೋತು."

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನೇ ಮತ್ತೆ ಮತ್ತೆ ಮೆಲುಕು ಹಾಕಿದೆ. ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿಯೊಂದನ್ನು ನನ್ನ ಎಳೆತನದ ಕಿವಿ ಕೇಳಿತ್ತು, ಈಗ ಅದಕ್ಕೊಬ್ಬ ಸಾಕ್ಷಿ ಸಿಕ್ಕಿದ್ದ.

ಪೀಪಿಯೇ ಉಳಿದಿಲ್ಲವಾದ್ದರಿಂದ ಹೊಸದಾಗಿ ಮಾಡಬೇಕಾಯಿತು. ಬೇರೆ ದೇಶಗಳ ಪೀಪಿಗಳ ಚಿತ್ರಗಳನ್ನು ನಾನೇ ಒಯ್ದು ಕೊಟ್ಟೆ. ಸೊಸೆ ಮೊದಲು ಬಿದಿರ ಸೀಳು ಕೆತ್ತಿ, ನಡುವೆ ಹಳೆಯ ಕ್ಯಾಸೆಟ್ಟಿನ ಟೇಪು ಬಿಗಿದಳು. ಸದ್ದು ಬಂತು, ಮಾತು ಬರಲಿಲ್ಲ. ಎಂಜಲು ತಾಗಿ ಟೇಪು ಜೋತುಬಿತ್ತು. ಆಮೇಲೆ ಎಣ್ಣೆಯ ಡಬ್ಬಿಯ ತಗಡನ್ನು ಎರಡು ಪಟ್ಟಿಯಾಗಿ ಕತ್ತರಿಸಿ, ಅಂಗುಳದ ಆಕಾರಕ್ಕೆ ಬಾಗಿಸಿ, ಅಂಚು ಉಜ್ಜಿ ಮೊಂಡು ಮಾಡಿ, ನಡುವೆ ಹತ್ತಿಯ ಲಾಡಿ ಎಳೆದು ಕಟ್ಟಿ, ಸುತ್ತಲೂ ದಾರ ಸುತ್ತಿದಳು. ನೀರಲ್ಲಿ ನೆನೆಸಿ ಬಾಯಿಗಿಟ್ಟರೆ ಸ್ವರ ಏಳತೊಡಗಿತು. ಆದರೆ ಪ್ರತಿ ಮಾತಿಗೂ ವಾಂತಿ ಬಂದಂತಾಗುತ್ತಿತ್ತು. ಒಮ್ಮೆ ನುಂಗಿಯೇಬಿಟ್ಟಳು ಎಂದು ಮನೆಯವರೆಲ್ಲ ಗಾಬರಿಯಾದರು. ಪೀಪಿ ನಾಲಗೆಯ ಬುಡದಲ್ಲಿ ಸಿಕ್ಕಿಕೊಂಡಿತ್ತು. ಅಂದಿನಿಂದ ಅದಕ್ಕೊಂದು ದಾರ ಕಟ್ಟಿ, ಬಾಯಿಯ ಅಂಚಿನಿಂದ ಹೊರಗೆ ತಂದು, ಪಿನ್ನು ಹಾಕಿ ಸೆರಗಿಗೆ ಚುಚ್ಚಿಕೊಳ್ಳಲು ನಾನು ಹೇಳಿದೆ.

"ಎಮ್ಮಿಗೆ ಮೂಗದಾರ ಹಾಕಿದಂಗಾತ್ರಿ," ಎಂದಳು.

ತನ್ನ ಧ್ವನಿ ಬೇಕಾದಾಗ ಪೀಪಿಯನ್ನು ನಾಲಗೆಯಿಂದ ಕೆನ್ನೆಗೆ ಸರಿಸುವುದು, ಗೊಂಬೆಯ ಸರದಿ ಬಂದಾಗ ಮತ್ತೆ ಅಂಗುಳಕ್ಕೆ ತರುವುದು, ಅಷ್ಟರಲ್ಲಿ ಕೈಯೊಳಗಿನ ಗೊಂಬೆಯ ಲಯ ತಪ್ಪದಂತೆ ನೋಡಿಕೊಳ್ಳುವುದು. ಇದನ್ನು ಕಲಿಯಲು ಆಕೆಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಗೊಂಬೆಯ ಮಾತನ್ನು ತಿರುಗಿ ಹೇಳಲು ಮುದುಕ, ಒಡೆದ ಗಂಟಲಿಗೆ ಮೈಕು ಇಟ್ಟುಕೊಂಡು, ತಾನೇ ಹಾರ್ಮೋನಿಯಂ ಪೇಟಿಯ ಮುಂದೆ ಕೂತ.

ಮೊದಲ ಆಟವನ್ನು ಬಿಜ್ಜರಗಿಯಲ್ಲೇ ಇಡಬೇಕೆಂದು ಅಧ್ಯಕ್ಷರು ಹಟ ಹಿಡಿದರು. ಅವರ ಪರಿಚಯದವರ ಒಣದ್ರಾಕ್ಷಿ ಶೆಡ್ಡು ಹಂಗಾಮು ಮುಗಿದು ಖಾಲಿ ಇತ್ತು. ದ್ರಾಕ್ಷಿ ಒಣಗಿಸುವ ಜಾಲಿಯ ಹಂತಗಳ ನಡುವೆ ಪರದೆ ಕಟ್ಟಿದೆವು. ಸುತ್ತಲಿನ ಹಸಿರು ನೆಟ್ಟಿನಿಂದ ಇಳಿಬಿಸಿಲು ತೂರಿ ಬರುತ್ತಿದ್ದುದರಿಂದ ಅದು ಇಳಿಯುವವರೆಗೆ ಕಾಯಬೇಕಾಯಿತು. ನಾನು ಮೊಬೈಲಿನಲ್ಲಿ ಇಡೀ ಆಟ ಹಿಡಿದೆ; ಆಮೇಲೆ ಅದರ ಒಂದು ಪ್ರತಿಯನ್ನು ಟ್ರಸ್ಟಿನ ಕಚೇರಿಗೂ ಕೊಟ್ಟೆ. ನೆಲದ ದೂಳು ಎದ್ದು ನಡುವೆ ಒಮ್ಮೆ ಸೊಸೆಗೆ ಕೆಮ್ಮು ಬಂತು. ಪೀಪಿಯೊಳಗಿಂದ ಬಂದ ಆ ಕೆಮ್ಮು ಕುರಿಮರಿ ಅರಚಿದ ಹಾಗಿತ್ತು. ಮುದುಕ ಬಿಡಲಿಲ್ಲ.

"ಏನಂದಿ? ನೆಗಡಿ ಆಗೈತಂದ್ಯಾ? ಸೂಲಗಿತ್ತಿ ಕಡೆ ಹೋಗಿದ್ದಿ ಅಂದ್ಯಾ?"

ಶೆಡ್ಡು ನಗೆಯಿಂದ ತುಂಬಿತು. ಆಟ ಮುಗಿದ ಮೇಲೆ ಆಕೆ ಪರದೆಯ ಹಿಂದಿನಿಂದ ಬಂದು, ದಾರ ಎಳೆದು ಬಾಯಿಂದ ಪೀಪಿ ತೆಗೆದು ಎಲ್ಲರಿಗೂ ತೋರಿಸಿದಳು. ಹಳದಿ ರುಮಾಲಿನ ಹಿರಿಯರೊಬ್ಬರು ಎದ್ದು ನಿಂತು, "ಹಿಂಗಾ ಇತ್ತು ನೋಡ್ರಿ ಆವಾಗ! ಹಿಂಗಾ!" ಎಂದರು. ಅಧ್ಯಕ್ಷರು ಅಲ್ಲೇ, ಎಲ್ಲರ ಎದುರಿಗೆ, ಪ್ರದರ್ಶನಾಲಯದಲ್ಲಿ ದಿನದ ಆಟ ಈ ಮನೆತನದ್ದೇ ಎಂದರು.

"ಮಾತು ಕೊಟ್ರಿ ನೋಡ್ರಿ ಯಪ್ಪಾ," ಸೊಸೆ ಹೇಳಿದಳು. "ನಾಳಿಂದ ದ್ರಾಕ್ಷಿಗೆ ಬರಂಗಿಲ್ಲಂತ ಹೇಳಿಬಿಡ್ತೀನಿ ಮತ್ತ."

"ಹೇಳವಾ, ಧೈರ್ಯಲೆ ಹೇಳು," ಎಂದರು ಅಧ್ಯಕ್ಷರು. ಆಕೆ ಮರುದಿನವೇ ಹೇಳಿದಳು. ಅಧ್ಯಕ್ಷರು ಮಾತು ಕೊಟ್ಟಾಗ ನಾನೂ ಅಲ್ಲೇ ನಿಂತು ನಗುತ್ತಿದ್ದೆ.

ಈ ಸಂಭ್ರಮವನ್ನು ಹೇಳಲು ವಿಜಯಪುರದಲ್ಲಿರುವ ಅಕ್ಕನ ಮನೆಗೆ ಹೋದೆ. ಅಕ್ಕ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಾಲ್ಯದ ಆ ಆಟಕ್ಕೆ ನಾವಿಬ್ಬರೂ ಹೋಗಿದ್ದೆವು. ವೀಡಿಯೊ ತೋರಿಸಿದೆ. ನೋಡುತ್ತಾ ನೋಡುತ್ತಾ ಅವಳಿಗೆ ನಗು ತಡೆಯಲಾಗಲಿಲ್ಲ.

"ಲೇ ತಮ್ಮಾ, ಅದು ಗೊಂಬಿ ಪೀಪಿ ಅಲ್ಲೋ. ಪುಗ್ಗಾ ಮಾರಾಂವಂದು. ಪರದೆ ಬಾಜೂಕ ನಿಂತು ಆಟ ಮುಗಿಯೂತನಾ ಊದತಿದ್ದ. ನೀ ಬೇಕಂತ ಚೀರಿ ಅತ್ತಿದ್ದಿ. ಆಮ್ಯಾಲ ಮಾಮಾ ಕೊಡಸಿದ."

"ಗೊಂಬಿ ಹೆಂಗ ಮಾತಾಡ್ತು ಮತ್ತ?"

"ದಪ್ಪ ಗಂಟಲಾಗ. ನನಗ ಹೆದರಿಕಿ ಬಂದಿತ್ತು. ಅಪ್ಪನ ತೊಡಿ ಮ್ಯಾಲ ಮುಖ ಮುಚಗೊಂಡು ಕುಂತಿದ್ನಿ."

"ಅಪ್ಪ ಆಗ ಬಳ್ಳಾರ್ಯಾಗ ಇದ್ದ. ಬಿಜ್ಜರಗಿಗೆ ಬಂದಾ ಇಲ್ಲ."

ಅಕ್ಕ ಮೊಬೈಲನ್ನು ನನ್ನ ಕೈಗಿಟ್ಟಳು. "ಹಂಗಾದ್ರ ಮಾಮಾನ ತೊಡಿ ಇದ್ದೀತು. ಪುಗ್ಗಾ ಮಾತ್ರ ಖರೆ. ನೆನಪಿಂದ ನೀನಾ ಓದೀಯಲ್ಲ, ನನಗ್ಯಾಕ ಕೇಳತಿ?"

ಆಕೆಯ ನೆನಪಿನಲ್ಲಿ ಅಲ್ಲಿಲ್ಲದ ಅಪ್ಪ ಇದ್ದ. ನನ್ನ ನೆನಪಿನಲ್ಲಿ ಅಲ್ಲಿದ್ದ ಪುಗ್ಗಾದವನು, ಆ ಬಲೂನು ಮಾರುವವನು, ಇರಲಿಲ್ಲ. ಯಾರದು ಸರಿ ಎಂದು ಹೇಳಲು ಮೂರನೆಯವರು ಬೇಕಿತ್ತು. ಮತ್ತೆ ಬಿಜ್ಜರಗಿಗೆ ಹೋದೆ. ಹಳದಿ ರುಮಾಲಿನ ಹಿರಿಯರು ಬೇವಿನ ಗಿಡದ ಕೆಳಗೆ ಕೂತು, ಈ ಸಲ ಧ್ವನಿಮುದ್ರಣ ಯಂತ್ರದ ಮುಂದೆ, ಹಳೆಯ ಆಟವನ್ನು ಬಣ್ಣಿಸಿದರು. ಪೀಪಿ ತಗಡಿನದು. ಲಾಡಿ ಬಿಳಿಯದು. ನುಂಗಬಾರದೆಂದು ದಾರ ಕಟ್ಟಿ ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು.

"ಆವಾಗ ಗಂಡಸ್ರು ಆಡಸ್ತಿದ್ರಲ್ರಿ ಅಜ್ಜಾರ. ಸೆರಗು ಎಲ್ಲಿಂದ ಬಂತ್ರಿ?"

"ಹೌದಲ್ಲ," ಎಂದರು ಅವರು. ಕ್ಷಣ ಯೋಚಿಸಿ, "ಹಂಗಾದ್ರ ಧೋತರಕ್ಕ ಚುಚ್ಚಿರಬೇಕು," ಎಂದರು.

ಆ ದಾರ ನನ್ನದು. ಆ ಪಿನ್ನು ನನ್ನದು. ಶೆಡ್ಡಿನಲ್ಲಿ ನೋಡಿದ್ದನ್ನೇ ಅವರು ಅರ್ಧ ಶತಮಾನ ಹಿಂದಕ್ಕೆ ಒಯ್ದು ಇಟ್ಟಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅದನ್ನು ನಿಜವಾಗಿಯೂ ಕಾಣುತ್ತಿದ್ದರು. ಊರಿನಲ್ಲಿ ಇನ್ನೂ ಕೆಲವರನ್ನು ಕೇಳಿದೆ. ಎಲ್ಲರೂ ಶೆಡ್ಡಿನ ಆಟಕ್ಕೆ ಬಂದವರೇ. ಯಾರಿಗಾದರೂ ಏನಾದರೂ ನಿಜವಾಗಿ ನೆನಪಿದ್ದರೆ, ಅದನ್ನು ಕೇಳುವ ಮೊದಲೇ ನಾನು ಆಟ ಆಡಿಸಿ ಕೆಡಿಸಿಬಿಟ್ಟಿದ್ದೆ.

ಉಳಿದದ್ದು ಬಬಲೇಶ್ವರ. ಹೋದಾಗ ಸೊಸೆ ಪೆಟ್ಟಿಗೆಯ ಗೊಂಬೆಗಳನ್ನೆಲ್ಲ ಹೊರಗೆ ಹರಡಿ, ಹರಿದ ಕೀಲುಗಳಿಗೆ ಹೊಸ ದಾರ ಹಾಕುತ್ತಿದ್ದಳು. ದಿನವೂ ಆಟವೆಂದರೆ ಗೊಂಬೆ ತಡೆಯಬೇಕಲ್ಲ. ನಾನು ನೇರವಾಗಿ ಕೇಳಿದೆ. ಮೊದಲ ದಿನ ಪೀಪಿಯ ಮಾತು ಮೊದಲು ಎತ್ತಿದ್ದು ಯಾರು?

"ನೀವಾ ರೀ," ಎಂದಳು, ತಲೆ ಎತ್ತದೆ. "ಎರಡು ಬೆರಳು ಹಿಡದು ತೋರಿಸಿದ್ರಿ, ಇಷ್ಟು ಇರ್ತಿತ್ತಲ್ಲ, ಬಾಯಾಗ ಇಟಗೋತಿದ್ರಲ್ಲ, ನಾ ನೋಡೀನಿ ಅಂತ. ಮಾವಾರು ಹೂಂ ಅಂದ್ರು."

ಬೆರಳು ಹಿಡಿದು ತೋರಿಸಿದ್ದು ನನಗೆ ಎಳ್ಳಷ್ಟೂ ನೆನಪಿಲ್ಲ. ಆದರೆ ಮಾತಾಡುವಾಗ ಹಾಗೆ ಬೆರಳು ಹಿಡಿಯುವುದು ನನ್ನ ರೂಢಿ. ಈ ಮಾತು ಕೇಳುತ್ತಿದ್ದಾಗಲೂ ಹಿಡಿದಿದ್ದೆ.

"ಇಲ್ಲ ಅನ್ನಬೇಕಿತ್ತಲ್ರಿ," ಎಂದು ಮುದುಕನಿಗೆ ಹೇಳಿದೆ.

"ಇಲ್ಲ ಅಂದ್ರ ಹೊಟ್ಟಿ ತುಂಬತೈತೇನ್ರಿ?" ಅವನಿಗೆ ಸಿಟ್ಟು ಬಂತು. "ನಮ್ಮ ಕಸಬಿನ್ಯಾಗ ಅದು ನಡಿಯಂಗಿಲ್ಲ. ನಾವು ಊರಾಗ ಪೆಟಗಿ ಇಳಿಸಿದ್ರ ಊರ ಹಿರ್ಯಾರು ಬಂದು ಕೇಳ್ತಿದ್ರು, ಆ ಆಟ ಬರತೈತೇನು, ಈ ಆಟ ಬರತೈತೇನು ಅಂತ. ಕೇಳಿದ್ದಕ್ಕೆಲ್ಲಾ ಐತ್ರೀ ಅನ್ನೂದು. ದೀಪ ಹಚ್ಚೂದ್ರಾಗ ಕಥಿ ಹೊಂದಿಸಿ ಆಡಿಬಿಡೂದು. ಮುಂದಿನ ಊರಿಗೆ ಹೋಗೂದ್ರಾಗ ಅದು ನಮ್ಮ ಆಟನ ಆಗಿರ್ತಿತ್ತು. ನಮ್ಮಪ್ಪ ಹಂಗ ಕಲಿಸ್ಯಾನ."

"ನಿಮ್ಮಪ್ಪ ಬಾಯಾಗ ಪೀಪಿ ಇಟಗೊಂಡಿದ್ದು ನೀವು ಕಣ್ಣಲೆ ನೋಡೀರೇನ್ರಿ?"

ಅವನು ಗೋಡೆಯ ಕಡೆ ತಿರುಗಿದ. "ಆಗಿಂದು ಏನೋ ಗೊತ್ತಿಲ್ರಿ ಸಾಹೇಬ್ರ," ಎಂದ. "ಈಗ ಮಾತ್ರ ನಮ್ಮಪ್ಪ ಕಾಣಾಕತ್ತಾನ. ಬಾಯಾಗ ಪೀಪಿ ಐತಿ."

ಸೊಸೆ ಸೂಜಿ ಕೆಳಗಿಟ್ಟಳು. ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ತಿಳಿದಿತ್ತು.

"ನೀವು ಈಗ ಇದನ್ನೆಲ್ಲಾ ಬರದು ಕೊಡ್ತೀರಲ್ಲ ಅವರಿಗೆ?"

"ಕೊಡಬೇಕಾಗ್ತದವಾ. ಅದಾ ನನ್ನ ಕೆಲಸ."

"ಇತ್ತು ಅಂತ ಬರೀಬ್ಯಾಡ್ರಿ, ಹೋಗ್ಲಿ. ಇತ್ತು ಅಂತಾರ ಅಂತ ಬರೀರಿ. ನಮ್ಮ ಮಾವಾರು ಅಂತಾರ, ಬಿಜ್ಜರಗಿಯವರು ಅಂತಾರ, ನೀವೂ ಅಂದಿದ್ರಿ. ಅಂತಾರ ಅನ್ನೂದು ಸುಳ್ಳೇನ್ರಿ? ನಾ ದ್ರಾಕ್ಷಿ ಕೆಲಸ ಬಿಟ್ಟೀನಿ. ನಮ್ಮ ಜಾಗಾಕ್ಕ ಆಗಲೇ ಬ್ಯಾರೇದವರು ಬಂದಾರ."

ಅದು ನ್ಯಾಯವಾದ ಮಾತಾಗಿತ್ತು. ಬಸ್ಸಿನಲ್ಲಿ ಕೂತು ಅದನ್ನೇ ತಿರುವಿ ಹಾಕಿದೆ. ಜಗತ್ತಿನ ಎಷ್ಟು ಪರಂಪರೆಗಳು 'ಅಂತಾರೆ' ಎಂಬ ಒಂದೇ ಕಂಬದ ಮೇಲೆ ನಿಂತಿವೆ! ಗೋಡೆಯ ಇತರ ಚೌಕಟ್ಟುಗಳ ಬಗ್ಗೆ ನಾನು ಬರೆದದ್ದೂ ಯಾರೋ ಬರೆದದ್ದನ್ನು ನೋಡಿಯೇ. ಆದರೆ ಈ 'ಅಂತಾರೆ' ಎಲ್ಲಿ ಹುಟ್ಟಿತು ಎಂದು ನನಗೆ ಗೊತ್ತಿತ್ತು. ಅದು ನನ್ನ ಎರಡು ಬೆರಳುಗಳ ನಡುವೆ ಹುಟ್ಟಿತ್ತು. ಅದನ್ನು ಬರೆದರೆ ಮುಂದೆ ಯಾರೋ ವಿದ್ಯಾರ್ಥಿ ಅದನ್ನು ಎತ್ತಿಕೊಂಡು 'ವಿಜಯಪುರ ಭಾಗದ ಪೀಪಿ ಸಂಪ್ರದಾಯ' ಎಂದು ಅಧ್ಯಾಯ ಬರೆಯುತ್ತಾನೆ.

ವರದಿ ಬರೆದೆ. ಈ ಭಾಗದಲ್ಲಿ ಪೀಪಿ ಬಳಕೆಯಲ್ಲಿತ್ತು ಎನ್ನಲು ಆಧಾರವಿಲ್ಲ. ಮನೆತನದವರ ಹೇಳಿಕೆ ನನ್ನ ಪ್ರಶ್ನೆಯಿಂದಲೇ ಹುಟ್ಟಿದ್ದರಿಂದ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ. ನನ್ನ ಬಾಲ್ಯದ ನೆನಪೂ ನಂಬಲರ್ಹವಲ್ಲ. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದೆ: ಪೀಪಿ ಇರಲಿ ಬಿಡಲಿ, ಈಕೆ ಸ್ವಂತ ಗಂಟಲಿನಿಂದ ಆಡಿಸುವ ಆಟವೇ ಸಾಕಷ್ಟು ಒಳ್ಳೆಯದು, ದಿನದ ಆಟ ಇವರಿಗೇ ಇರಲಿ. ಇದರಿಂದ ಎರಡೂ ಉಳಿಯುತ್ತವೆ ಎಂದು ನಂಬಿದ್ದೆ.

ಅಧ್ಯಕ್ಷರು ಕರೆಸಿದರು. ವರದಿ ಅವರ ಮೇಜಿನ ಮೇಲಿತ್ತು.

"ಪೂರಾ ಓದೀನ್ರಿ. ಆ ಮನಿಯವರ ಮಾತು ನಂಬೂ ಹಂಗಿಲ್ಲ ಅಂತ ಬರದೀರಿ. ಹೌದಲ್ಲ?"

"ತಪ್ಪು ನನ್ನ ಪ್ರಶ್ನೇದು ಅಂತನೂ ಬರದೀನಲ್ರಿ."

"ಅದು ನಿಮ್ಮ ದೊಡ್ಡಗುಣ. ಆದ್ರ ಕೇಳಿದ್ದಕ್ಕೆಲ್ಲಾ ಹೂಂ ಅನ್ನೋ ಮಂದೀನ ತಂದು ಸ್ಟೇಜಿನ ಮ್ಯಾಲ ಕೂಡಿಸಿದ್ರ ನಾಳೆ ನಮ್ಮ ಹೆಸರೇನಾಗ್ಬೇಕು? ಅದಕ ಬ್ಯಾರೆ ಜಿಲ್ಲಾದವರಿಗೇ ಬರ್ರಿ ಅಂತ ಹೇಳೀನಿ."

"ಹಂಗಾದ್ರ ಪೀಪಿ ಚೌಕಟ್ಟೂ ತೆಗೀರಿ."

"ಅದ್ಯಾಕ ತೆಗೀಬೇಕು? ಅದು ನೀವು ನೋಡಿದ್ದು. ಓದಿದವರು ನೀವು, ಸುಳ್ಳು ಯಾಕ ಹೇಳ್ತೀರಿ?"

"ನನಗ ಈಗ ಖಾತ್ರಿ ಇಲ್ಲಂತ ಬರದೀನ್ರಿ."

"ಓದಿದವರಿಗೆ ಯಾವುದರದೂ ಖಾತ್ರಿ ಇರೂದಿಲ್ಲ. ಅದು ನನಗೂ ಗೊತ್ತೈತಿ ಬಿಡ್ರಿ," ಎಂದು ನಕ್ಕರು.

ಹೀಗೆ ನನ್ನ ಅನುಮಾನದ ಬಲದ ಮೇಲೆ ಆ ಮನೆತನ ಹೊರಗೆ ಹೋಯಿತು. ನನ್ನ ನೆನಪಿನ ಬಲದ ಮೇಲೆ ಪೀಪಿ ಒಳಗೆ ಉಳಿಯಿತು. ಬಬಲೇಶ್ವರಕ್ಕೆ ಹೇಳಿಕಳಿಸುವ ಕೆಲಸವನ್ನು ಟ್ರಸ್ಟಿನ ಕಚೇರಿಯವರು ಫೋನಿನಲ್ಲೇ ಮುಗಿಸಿದರು. ನಾನು ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಚೌಕಟ್ಟಿನೊಳಗೆ ಬೇರೆ ಯಾರೋ ಬರೆದ ಫಲಕ ಬಂತು: 'ಈ ಭಾಗದ ತೊಗಲುಗೊಂಬೆಯಾಟದಲ್ಲಿ ಪೀಪಿಯ ಬಳಕೆ ಇತ್ತೆಂದು, ಬಾಲ್ಯದಲ್ಲಿ ಅದನ್ನು ಪ್ರತ್ಯಕ್ಷ ಕಂಡ ವಿದ್ವಾಂಸರೊಬ್ಬರು ನೆನೆಯುತ್ತಾರೆ.'

ಪ್ರದರ್ಶನಾಲಯ ತೆರೆದ ಮೊದಲ ವಾರದಲ್ಲಿ ಆಕೆ ಬಂದಳು. ಎಲ್ಲರಂತೆ ಟಿಕೆಟ್ ತೆಗೆದುಕೊಂಡು, ಶಾಲೆಯ ಮಕ್ಕಳ ಸಾಲಿನಲ್ಲಿ ನಿಂತು ಒಳಗೆ ಬಂದಳು. ಅಧ್ಯಕ್ಷರು ಯಾರೋ ಅತಿಥಿಗಳಿಗೆ ಗೋಡೆ ತೋರಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಒಂದು ಮಗು ಕೊನೆಯ ಗುಂಡಿ ಒತ್ತಿತು. ಕೀಚು ಧ್ವನಿ ಕೋಣೆಯ ತುಂಬ ಹರಡಿತು. ತಿರುಗಿ ಹೇಳುವ ಮುದುಕನ ಮಾತು ಅದರಲ್ಲಿ ಇರಲಿಲ್ಲ. ಆಕೆ ನೆಟ್ಟಗೆ ಅಧ್ಯಕ್ಷರ ಮುಂದೆ ಬಂದು ನಿಂತಳು.

"ಇದು ನನ್ನ ಧ್ವನಿ ರೀ. ನನಗ ಬ್ಯಾಡ ಅಂದ್ರಿ, ನನ್ನ ಧ್ವನಿ ಹೆಂಗ ಇಟಗೊಂಡ್ರಿ?"

"ಇದು ನಿಂದಲ್ಲವಾ," ಎಂದರು ಅಧ್ಯಕ್ಷರು, ಸಮಾಧಾನವಾಗಿಯೇ. "ಮಿಮಿಕ್ರಿ ಮಾಡಾಂವ ಒಬ್ಬ ಬಂದು ಹೊಸದಾಗಿ ಮಾಡಿಕೊಟ್ಟಾನ. ಪೀಪಿ ಬಾಯಾಗಿದ್ರ ಎಲ್ಲಾರ ಧ್ವನೀನೂ ಹಿಂಗಾ ಕೇಳತದ."

"ಮಂದಿಗೆ ಕೇಳತೈತಿ ಹಂಗ. ಮಾಡಿದಾಕಿಗೆ ಗೊತ್ತಾಗಂಗಿಲ್ಲೇನು?" ಆಕೆ ನನ್ನ ಕಡೆ ತಿರುಗಿದಳು. "ಸರ, ನೀವಾ ಹಿಡದಿದ್ರಿ ಮೊಬೈಲಿನ್ಯಾಗ. ಹೇಳ್ರಿ ಇವರಿಗೆ."

ಅತಿಥಿಗಳು, ಮಕ್ಕಳು, ಅಧ್ಯಕ್ಷರು ಎಲ್ಲರೂ ನನ್ನನ್ನು ನೋಡಿದರು. ಅದು ಆಕೆಯದೇ ಎಂದು ನನಗೆ ಅನಿಸಿತ್ತು. ಆದರೆ ಅನಿಸುವುದಕ್ಕೂ ತಿಳಿಯುವುದಕ್ಕೂ ವ್ಯತ್ಯಾಸವಿದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಪೀಪಿ ಧ್ವನಿಯ ಗುರುತು ಅಳಿಸುತ್ತದೆ ಎಂಬುದೂ ನಿಜವೇ. ಬಾಯಿ ತಂತಾನೇ ಮಾತಾಡಿತು.

"ಹಿಂಗ ಕೇಳಿದ ಕೂಡ್ಲೇ ಖಾತ್ರಿ ಹೇಳಾಕ ಬರೂದಿಲ್ಲ."

ಆಕೆ ನನ್ನ ಮುಖವನ್ನು ಒಮ್ಮೆ ನೋಡಿ, ಸೆರಗು ಸರಿಪಡಿಸಿಕೊಂಡು ಬಾಗಿಲ ಕಡೆ ನಡೆದಳು. ಮಕ್ಕಳು ಇನ್ನೊಮ್ಮೆ ಗುಂಡಿ ಒತ್ತಿದರು.

ಜನರೆಲ್ಲ ಹೋದ ಮೇಲೆ ನಾನು ಅದೇ ಗುಂಡಿ ಒತ್ತಿ, ಕಿವಿಗೆ ನನ್ನ ಮೊಬೈಲಿನ ಮೂಲ ಧ್ವನಿಮುದ್ರಣ ಹಿಡಿದು ಎರಡನ್ನೂ ಹೋಲಿಸಿದೆ. ಕೊನೆಗೆ, ಚೌಕಟ್ಟಿನ ಧ್ವನಿ ಮುಗಿಯುವ ಮುಂಚೆ, ಕುರಿಮರಿ ಅರಚಿದಂತೆ ಆ ಕೆಮ್ಮು ಬಂತು. ಮುದುಕನ ಮಾತು ಕತ್ತರಿಸಿದವರು ಅದನ್ನು ಕತ್ತರಿಸುವುದನ್ನು ಮರೆತಿದ್ದರು.

ಫೋನ್ ಮಾಡಿದೆ. ಬಹಳ ಸಲ ರಿಂಗಾದ ಮೇಲೆ ಆಕೆ ಎತ್ತಿದಳು. ಹಿಂದೆ ಒಣದ್ರಾಕ್ಷಿ ಜರಡಿ ಹಿಡಿಯುವ ಸದ್ದು, ಹೆಂಗಸರ ಮಾತು ಕೇಳುತ್ತಿದ್ದವು.

"ಅದು ನಿಮ್ಮದಾ ಧ್ವನಿ ಯವ್ವಾ. ಈಗ ಖಾತ್ರಿ ಆತು. ನಾ ಟ್ರಸ್ಟಿಗೆ ಬರದು ಕೊಡ್ತೀನಿ," ಎಂದೆ.

"ಬರೀರಿ," ಎಂದಳು. "ನೀವು ಬರದಾಗೆಲ್ಲಾ ನಮ್ಮ ಮನಿದು ಏನಾರ ಒಂದು ಹೋಗತೈತಿ."